ಮುಂದಿನ ಬಿಡುಗಡೆಗೆ ನೋಡೋಣ

"ಈ ಸನಿಕೆ ಗುಜರಿಗೆ ಆಕ್ಬುಡ್ಲಾ? ಇನ್ನೂ ಎಷ್ಟು ವರ್ಸ ಬಾಗಿಲ ಸಂದೀಲಿ ಇಟ್ಕಂಡಿರ್ತೀರಿ?"

ಮೊನ್ನೆ ಭಾನುವಾರ ಮನೆ ಗುಡಿಸುತ್ತ ನನ್ನಾಕೆ ಕೇಳಿದ ಪ್ರಶ್ನೆ ಇದು. ಕೇಳಿದ್ದು ನ್ಯಾಯವೇ. ನಾನು ಕೃಷ್ಣರಾಜಪೇಟೆಯ ಕಾಲೇಜೊಂದರಲ್ಲಿ ಗಣಿತ ಹೇಳುವವನು. ಆ ಸನಿಕೆಯಿಂದ ನಾನು ಒಂದು ಬೊಗಸೆ ಮಣ್ಣೂ ಎತ್ತಿದವನಲ್ಲ. ಒಮ್ಮೆ ಹಿತ್ತಲಿಗೆ ಹಾವು ಬಂದಾಗ ಶೂರನ ಹಾಗೆ ಅದನ್ನು ಹಿಡಿದು ಹೊರಟೆ. ಹಾವು ತಲೆ ಎತ್ತಿದ ಕೂಡಲೇ ಸನಿಕೆಯನ್ನು ಅಲ್ಲೇ ಬಿಸಾಕಿ ಒಳಗೆ ಬಂದು ಚಿಲಕ ಹಾಕಿಕೊಂಡೆ. ಹಾವು ಪಾಪ ಸನಿಕೆಯ ಮೇಲೇ ಹರಿದು ತನ್ನ ಪಾಡಿಗೆ ಹೋಯಿತು.

ಆದರೂ "ಬೇಡ" ಅಂದೆ. ಅದು ನನ್ನ ತಾತನದು. ಸಂತೆಬಾಚಹಳ್ಳಿ ಕಡೆಯ ಒಂದು ಊರಿನಲ್ಲಿ ತಾತ ಕೆರೆಯ ನೀರಗಂಟಿ. ಅಂದರೆ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ತಾತ ಎಡಚನಾದ್ದರಿಂದ ಸನಿಕೆಯ ಬಾಯಿ ಒಂದೇ ಕಡೆಗೆ ಸವೆದಿದೆ. ಹಿಡಿ ಮಾತ್ರ ಅವನ ಅಂಗೈ ಉಜ್ಜಿ ಉಜ್ಜಿ ಹೊಳೆಯುತ್ತದೆ. ನಾನು ಹಿಡಿದರೆ ನನ್ನ ಕೈಗೆ ಅದು ಒಗ್ಗುವುದಿಲ್ಲ, ಆದರೆ ಹಿಡಿದು ನಿಂತುಕೊಳ್ಳುವುದು ಇಷ್ಟ. ಭಾನುವಾರವೂ ಹಾಗೇ ನಿಂತೆ. ನಿಂತವನಿಗೆ ತಾತ ನೆನಪಾದ. ತಾತನ ಹಿಂದೆಯೇ, ಯಾವ ನೆಂಟಸ್ತಿಕೆಯೂ ಇಲ್ಲದ ನಯಾಜ್ ನೆನಪಾದ.

ನೀವು ನಗಬೇಡಿ, ಒಂದು ಕಾಲಕ್ಕೆ ನಾನೂ ನೀರಗಂಟಿಯಾಗಿದ್ದೆ. ನನ್ನ ಕೆರೆಯಲ್ಲಿ ನೀರಿನ ಬದಲು ಬಸ್ಸುಗಳಿದ್ದವು, ಅಷ್ಟೇ.

ಅದು ಶುರುವಾದದ್ದು ನನ್ನ ಫೋನು ಸಾರಿನ ಪಾತ್ರೆಗೆ ಬಿದ್ದದ್ದರಿಂದ. ಹೇಗೆ ಬಿತ್ತು ಎಂದು ಕೇಳಬೇಡಿ, ಮನೆಯಲ್ಲಿ ಇನ್ನೂ ಕೇಳುತ್ತಲೇ ಇದ್ದಾರೆ. ಬಸ್ ಸ್ಟ್ಯಾಂಡ್ ಪಕ್ಕ ನಯಾಜನ ಮೊಬೈಲ್ ರಿಪೇರಿ ಅಂಗಡಿ. ಚಿನಕುರಳಿಯಿಂದಾಚೆಯ ಹುಡುಗ, ಯಾರೂ ಹೇಳಿಕೊಡದೆ ಪ್ರೋಗ್ರಾಮಿಂಗ್ ಕಲಿತವನು. ಫೋನನ್ನು ಮೂಸಿ ನೋಡಿ, "ಉಳ್ಳಿಕಾಳು ಸಾರಾ ಮೇಷ್ಟ್ರೇ?" ಅಂದ. ಅವನು ಅದನ್ನು ಒಣಗಿಸುತ್ತಿದ್ದಾಗ ನಾನು ಹತ್ತಬೇಕಿದ್ದ ಬಸ್ಸು ಹೊರಟುಹೋಯಿತು. ಮುಂದಿನದು ಎಷ್ಟು ಗಂಟೆಗೆ ಎಂದು ನಾಲ್ಕು ಜನರನ್ನು ಕೇಳಿದೆ, ಐದು ಉತ್ತರ ಬಂದವು.

ನಯಾಜ್ ತಲೆ ಎತ್ತದೆ ಅಂದ: "ಈ ಊರಲ್ಲಿ ಯಾರ್ಗೂ ಎಲ್ಲಾ ಬಸ್ಸೂ ಗೊತ್ತಿಲ್ಲ ಮೇಷ್ಟ್ರೇ. ಆದ್ರೆ ಎಲ್ರಿಗೂ ಒಂದೊಂದು ಬಸ್ಸು ಗೊತ್ತು. ಅವೆಲ್ಲಾನೂ ಒಂದ್ಕಡೆ ಕೂಡಿಸ್ಬುಟ್ರೆ?"

ಆ ಮಾತಿನಿಂದ ಹುಟ್ಟಿದ್ದು 'ಬಸ್ಸು ಬಂತಾ' ಎಂಬ ನಮ್ಮ ಆ್ಯಪು. ಮುಕ್ತ ತಂತ್ರಾಂಶ ಅನ್ನುತ್ತಾರಲ್ಲ, ಅದು. ಒಳಗಿನ ಕೋಡೂ ಬಸ್ಸಿನ ಪಟ್ಟಿಯೂ ಎಲ್ಲರ ಕಣ್ಣಿಗೆ ಬಿಚ್ಚಿಟ್ಟದ್ದು. ಯಾರು ಬೇಕಾದರೂ ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು, ಒಪ್ಪಿಗೆಯಾದರೆ ನಾವು ಸೇರಿಸುತ್ತೇವೆ. ನಮ್ಮ ರೀತಿ ಹಿಡಿಸದಿದ್ದರೆ ಎಲ್ಲವನ್ನೂ ನಕಲು ಮಾಡಿಕೊಂಡು ತನ್ನದೇ ದಾರಿ ಹಿಡಿಯಬಹುದು. ಈ ಕೊನೆಯ ವಾಕ್ಯವನ್ನು ಬಹಳ ಹೆಮ್ಮೆಯಿಂದ ನಾನೇ ಬರೆದಿದ್ದೆ. ಬರೆಯುವಾಗ ಯಾರೋ ಅಮೆರಿಕದವನು ನಕಲು ಮಾಡುತ್ತಾನೆ ಎಂದುಕೊಂಡಿದ್ದೆ.

ಅಯ್ಯೋ, ಆ ದಿನಗಳು! ಕಾಲೇಜು ಮುಗಿಸಿ ನಾಲ್ಕೂವರೆಗೆ ಅಂಗಡಿಗೆ ಹೋಗುವಷ್ಟರಲ್ಲಿ ನಯಾಜ್ ಎರಡು ಟೀ ಹೇಳಿರುತ್ತಿದ್ದ. ಬೆಸುಗೆಯ ಹೊಗೆ, ಎದುರಿನ ಅಂಗಡಿಯ ಮೆಣಸಿನಕಾಯಿ ಬೋಂಡದ ಘಾಟು, ಎರಡೂ ಸೇರಿ ಕಣ್ಣುರಿ. ಒಂದೇ ಲ್ಯಾಪ್‌ಟಾಪಿನ ಮುಂದೆ ಇಬ್ಬರ ತಲೆ. ನಾಗಮಂಗಲದ ಕಂಡಕ್ಟರ್ ಒಬ್ಬರು ತಮ್ಮ ದಾರಿಯ ಅಷ್ಟೂ ನಿಲ್ದಾಣಗಳನ್ನು, ಪಕ್ಕದಲ್ಲಿರುವ ಮರಗಳ ಸಮೇತ ಬರೆದು ಕಳಿಸುತ್ತಿದ್ದರು. ಹೂ ಮಾರುವಾಕೆ ಕುಕ್ಕೆಯನ್ನು ಮೆಟ್ಟಿಲ ಮೇಲಿಟ್ಟು, "ನನ್ ಬಸ್ಸ ಸರ್ಯಾಗಿ ಆಕಿದ್ದೀರೋ ಇಲ್ವೋ? ಓದಿ ಯೋಳಿ," ಎಂದು ಕೇಳಿಸಿಕೊಂಡೇ ಹೋಗುತ್ತಿದ್ದಳು. ಅವಳ ಪಾಲಿಗೆ ಅದು ನಮ್ಮ ಆ್ಯಪಲ್ಲ, ಅವಳ ಬಸ್ಸು. ಅಷ್ಟು ಜನ ಒಂದು ಕೆಲಸವನ್ನು ತಮ್ಮದು ಅಂದುಕೊಂಡದ್ದನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ಹಾಗೆಂದು ಬಂದದ್ದೆಲ್ಲ ಬಂಗಾರವಲ್ಲ. ಯಾವನೋ ಪುಣ್ಯಾತ್ಮ 'ಕೃಷ್ಣರಾಜಪೇಟೆ–ಲಂಡನ್, ವಯಾ ಸಂತೆಬಾಚಹಳ್ಳಿ, ಬೆಳಿಗ್ಗೆ ಹತ್ತು ಗಂಟೆ' ಎಂದು ಸೇರಿಸಿಬಿಟ್ಟ. ವಯಸ್ಸಾದ ಗೌಡರೊಬ್ಬರು ವಿಚಾರಣೆಯ ಕಿಟಕಿಗೆ ಹೋಗಿ, "ಲಂಡನ್ ಬಸ್ಸು ಸಂತೆಬಾಚಳ್ಳೀಲಿ ಎಷ್ಟೊತ್ತು ನಿಲ್ತದೆ?" ಎಂದು ಕೇಳಿದರಂತೆ. ಅವರಿಗೆ ಇಳಿಯಬೇಕಿದ್ದದ್ದು ಅಲ್ಲಿಯೇ. ಇನ್ನೊಂದು ಸಲ ನಯಾಜ್ ಆತುರದಲ್ಲಿ ಒಂದು ಸಾಲು ತಿದ್ದಿದ್ದಕ್ಕೆ ಪಾಂಡವಪುರದ ಬಸ್ಸುಗಳಿಗೆಲ್ಲ ನಾಗಮಂಗಲದ ಸಮಯ ಬಂದು ಕೂತಿತು. ಸಂಜೆಯವರೆಗೆ ಫೋನಿನಲ್ಲಿ ಬೈಗುಳ ತಿಂದೆವು. ನಯಾಜನಿಗೆ ಬೈದವರೆಲ್ಲ ನನಗೂ ಬೈದರು, ನನಗೆ ಬೈದವರು ನಮ್ಮ ಕಾಲೇಜಿಗೂ ಬೈದರು.

ಆಗ ನಾನು ಕಾನೂನು ತಂದೆ. ಎಷ್ಟಾದರೂ ನೀರಗಂಟಿಯ ಮೊಮ್ಮಗ. ಬಂದ ತಿದ್ದುಪಡಿಗಳನ್ನು ಬಂದ ಹಾಗೆ ಹರಿಯಬಿಡುವಂತಿಲ್ಲ, ಎರಡು ತಿಂಗಳಿಗೊಮ್ಮೆ ಒಟ್ಟಿಗೆ ಬಿಡುಗಡೆ. ಬಿಡುಗಡೆಗೆ ಹದಿನೈದು ದಿನ ಮೊದಲೇ ತೂಬು ಮುಚ್ಚುತ್ತದೆ. ಆಮೇಲೆ ಹೊಸದೇನೂ ಇಲ್ಲ, ಇದ್ದದ್ದನ್ನು ಪರೀಕ್ಷಿಸುವುದು ಮಾತ್ರ. ಮತ್ತೆ, ಯಾವ ನಿಲ್ದಾಣ ಸೇರಬೇಕಾದರೂ ಎರಡು ಸಾಕ್ಷಿ ಬೇಕು. ಅಲ್ಲಿಯೇ ನಿಂತು ಆ ಬಸ್ಸನ್ನು ಹತ್ತಿದ ಇಬ್ಬರು ಹೇಳಬೇಕು, ಒಂದು ಮನೆಯಿಂದ ಒಂದೇ ಸಾಕ್ಷಿ. ತಡವಾಗಿ ಬಂದವರಿಗೆ, ಸಾಕ್ಷಿ ಸಾಲದವರಿಗೆ ನಾನು ಒಂದೇ ವಾಕ್ಯ ಬರೆಯುತ್ತಿದ್ದೆ: 'ಮುಂದಿನ ಬಿಡುಗಡೆಗೆ ನೋಡೋಣ.' ಬರೆದ ಕೂಡಲೇ ಆ ಮನವಿಯನ್ನು ಮುಚ್ಚಿಬಿಡುತ್ತಿದ್ದೆ. ಉತ್ತರ ಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆದಷ್ಟೇ ಸುಖ.

"ಮೇಷ್ಟ್ರೇ, ಯಮ ಬಂದು ನಿಂತ್ರೂವೆ ನೀವು ಇಂಗೇ ಬರ್ದು ಕಳಿಸ್ಬುಡ್ತೀರಿ ಬುಡಿ," ಎಂದು ನಯಾಜ್ ನಗುತ್ತಿದ್ದ. ನಾನೂ ನಗುತ್ತಿದ್ದೆ.

ಕಾನೂನು ಕೆಟ್ಟದ್ದಾಗಿರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ. ತಪ್ಪುಗಳು ನಿಂತವು. ನಂಬಿಕೆ ಎಷ್ಟು ಬೆಳೆಯಿತೆಂದರೆ, ಬೆಳಗಿನ ಹೊತ್ತು ಶ್ರೀರಂಗಪಟ್ಟಣಕ್ಕೆ ಹೋಗುವ ಒಂದು ಖಾಸಗಿ ಬಸ್ಸಿಗೆ ದಾರಿ ಗೊತ್ತಿಲ್ಲದ ಹೊಸ ಡ್ರೈವರು ಬಂದಾಗ ಆತ ನಮ್ಮ ಪಟ್ಟಿಯನ್ನೇ ಮುಂದಿಟ್ಟುಕೊಂಡು, ಅದರಲ್ಲಿದ್ದ ಕಡೆ ಮಾತ್ರ ಬಸ್ಸು ನಿಲ್ಲಿಸತೊಡಗಿದ. ಆ ಸುದ್ದಿ ಕೇಳಿದ ದಿನ ನಾವು ಟೀ ಜೊತೆ ಬೋಂಡವನ್ನೂ ತಿಂದೆವು. ಬಸ್ಸನ್ನು ನೋಡಿ ಬರೆದ ಪಟ್ಟಿ ಈಗ ಬಸ್ಸನ್ನೇ ನಡೆಸುತ್ತಿದೆ ಎಂದು ಬೀಗಿದೆವು. ಅದರಲ್ಲಿ ಹೆದರಬೇಕಾದದ್ದೂ ಇದೆ ಎಂದು ಗಣಿತದ ಮೇಷ್ಟರಿಗೆ ಹೊಳೆಯಲಿಲ್ಲ.

ನಯಾಜನ ತಂಗಿ ಶಬಾನಾ ಶ್ರೀರಂಗಪಟ್ಟಣದಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವರ ಮನೆ ಚಿನಕುರಳಿ ದಾಟಿದ ಮೇಲೆ, ಹೊಂಗೆಮರದ ಗೇಟಿನಿಂದ ಒಳಗೆ. ಗೇಟು ಅಂದರೆ ನಮ್ಮ ಕಡೆ ಗೇಟೇನೂ ಇರುವುದಿಲ್ಲ. ಹಳ್ಳಿಯ ದಾರಿ ಬಂದು ದೊಡ್ಡ ರಸ್ತೆ ಸೇರುವ ಜಾಗ, ಅಷ್ಟೇ. ಅಲ್ಲೊಂದು ಹೊಂಗೆಮರ, ಜಲ್ಲಿ ಲಾರಿಗಳ ಧೂಳು ಕೂತು ಎಲೆಯೆಲ್ಲ ಬೂದಿ ಬಣ್ಣ. ಬೆಳಿಗ್ಗೆ ಆರು ಇಪ್ಪತ್ತರ ಆ ಬಸ್ಸಿಗೆ ಅಲ್ಲಿ ಹತ್ತುವವಳು ಅವಳೊಬ್ಬಳೇ. ಹಳೆಯ ಡ್ರೈವರು ಗುರುತು ಹಿಡಿದು ನಿಲ್ಲಿಸುತ್ತಿದ್ದ. ಹೊಸಬ ಪಟ್ಟಿ ನೋಡುವವನು, ಪಟ್ಟಿಯಲ್ಲಿ ಹೊಂಗೆಮರದ ಗೇಟು ಇರಲಿಲ್ಲ. ಅವಳು ದಿನಾ ಕೈ ಅಡ್ಡ ಹಾಕಬೇಕಾಯಿತು. ಒಮ್ಮೆ ನಿಲ್ಲಿಸುತ್ತಿದ್ದ, ಒಮ್ಮೆ ಇಲ್ಲ. ಹಾಗಾಗಿ ಅವಳೇ ನಿಲ್ದಾಣವನ್ನು ಸೇರಿಸಿ ಎಂದು ಮನವಿ ಕಳಿಸಿದಳು. ಒಂದು ಸಾಕ್ಷಿ, ಅವಳದೇ. ಎರಡನೆಯದು ಬೇಕು ಎಂದು ನಾನು ಬರೆದೆ.

"ಎರಡ್ನೇಯವ್ರು ಎಲ್ಲಿಂದ ಬರ್ತಾರೆ ಮೇಷ್ಟ್ರೇ? ಅಲ್ಲಿ ಅತ್ತೋಳು ಅವ್ಳು ಒಬ್ಳೇಯ," ಅಂದ ನಯಾಜ್.

"ಕಾನೂನು ಅಂದ್ಮೇಲೆ ಎಲ್ಲರಿಗೂ ಒಂದೇ ಅಲ್ವೇನಯ್ಯಾ? ನಮ್ಮ ಮನೆಯವರಿಗೆ ಬೇರೆ ಮಾಡೋಕಾಗುತ್ತಾ?"

"ಬೇರೆ ಮಾಡ್ಬೇಡಿ. ನೀವೇ ಒಂದಿನ ಬಂದು ಅತ್ತಿ. ನೀವೇ ಸಾಕ್ಷಿ ಆಕಿ. ಮುಂದಿನ ತಿಂಗ್ಳು ಅವ್ಳ ಪರೀಕ್ಷೆ ಐತೆ."

"ಆಗ್ಲಿ, ನಾಳೆ ಬರ್ತೀನಿ," ಅಂದೆ.

ನಾಳೆ ಒಂದು ನಾಮಕರಣವಿತ್ತು. ನಾಳಿದ್ದು ಸಣ್ಣಗೆ ಹನಿಯುತ್ತಿತ್ತು. ಆಮೇಲೆ ಉತ್ತರ ಪತ್ರಿಕೆ. ಆಮೇಲೆ ಏನೂ ಇರಲಿಲ್ಲ. ಬೆಳಗಿನ ಜಾವದ ಕಂಬಳಿ ಬೆಚ್ಚಗಿತ್ತು, ನಾನು ಮಗ್ಗುಲು ಬದಲಿಸಿದೆ, ಅಷ್ಟೇ. ತೂಬು ಮುಚ್ಚುವ ದಿನ ಬಂತು. ಸಾಕ್ಷಿ ಒಂದೇ ಇತ್ತು. ನಾನು ಬರೆದೆ: 'ಮುಂದಿನ ಬಿಡುಗಡೆಗೆ ನೋಡೋಣ.' ಬರೆದು ಮುಚ್ಚಿದೆ.

ಪರೀಕ್ಷೆಯ ದಿನ ಬಸ್ಸು ನಿಲ್ಲಲಿಲ್ಲ. ಶಬಾನಾ ಕೈ ಬೀಸುತ್ತ ಹಿಂದೆ ಓಡಿದಳಂತೆ. ಹಿಂದಿನ ರಾತ್ರಿ ಅಂಗಡಿಯಲ್ಲೇ ಮಲಗಿದ್ದ ಅಣ್ಣನಿಗೆ ಫೋನು ಮಾಡಿ, ಅವನು ಕೃಷ್ಣರಾಜಪೇಟೆಯಿಂದ ಬೈಕು ತಂದು ಅವಳನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ಏಳೂವರೆಯ ಪರೀಕ್ಷೆಗೆ ಕೋಣೆಯ ಬಾಗಿಲು ಹಾಕಿದ್ದರು. ಅವಳಿಗೆ ಒಂದು ವರ್ಷ ಹೋಯಿತು.

ಅವತ್ತೇ ನಾನು ಹೊಂಗೆಮರದ ಗೇಟನ್ನು ಪಟ್ಟಿಗೆ ಸೇರಿಸಿದೆ. ಎರಡನೇ ಸಾಕ್ಷಿ ಇಲ್ಲದೆ, ಬಿಡುಗಡೆಯ ದಿನವೂ ಅಲ್ಲದೆ. ಸೇರಿಸಿ ಅಂಗಡಿಗೆ ಓಡಿದೆ. ನಯಾಜ್ ಟೀ ಹೇಳಿರಲಿಲ್ಲ. ಬಹಳ ಹೊತ್ತು ಯಾರದೋ ಫೋನಿನ ಗಾಜನ್ನು ಒರೆಸುತ್ತಲೇ ಇದ್ದ. ಕೊನೆಗೆ ಮೆಲ್ಲಗೆ ಕೇಳಿದ:

"ಇವತ್ತು ಎಂಗೆ ಸೇರ್ಸಕ್ಕಾಯ್ತು ಮೇಷ್ಟ್ರೇ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನಾನು ಕ್ಷಮೆ ಕೇಳಬೇಕಿತ್ತು. ಅದರ ಬದಲು ಕಾನೂನು ಯಾಕೆ ಬೇಕು ಎಂದು ಪಾಠ ಮಾಡಿದೆ. ಲಂಡನ್ ಬಸ್ಸಿನ ಕತೆಯನ್ನೂ ಎತ್ತಿದೆ, ನಾಚಿಕೆಯಿಲ್ಲದವನು. ಅವನು ಎಲ್ಲ ಕೇಳಿಸಿಕೊಂಡು, "ಆಯ್ತು ಬುಡಿ," ಅಂದ.

ವಾರ ಕಳೆಯುವುದರೊಳಗೆ ಅವನು ನಮ್ಮ ಕೆಲಸವನ್ನೆಲ್ಲ ನಕಲು ಮಾಡಿಕೊಂಡು ತನ್ನದೇ ಪ್ರತಿ ಶುರು ಮಾಡಿದ. ಅದರಲ್ಲಿ ತೂಬಿಲ್ಲ, ಬಿಡುಗಡೆಯ ದಿನವಿಲ್ಲ, ಇಬ್ಬರ ಸಾಕ್ಷಿಯಿಲ್ಲ. ಬಂದದ್ದು ಅವತ್ತೇ ಸೇರುತ್ತದೆ, ತಪ್ಪಿದ್ದರೆ ಅವತ್ತೇ ಹೋಗುತ್ತದೆ. ನಾಗಮಂಗಲದ ಕಂಡಕ್ಟರು ಮರಗಳ ಸಮೇತ ಅತ್ತ ಹೋದರು. ಹೂವಿನಾಕೆಯೂ, ಆ ಡ್ರೈವರೂ ಹೋದರು. ನಯಾಜ್ ಅಂಗಡಿಯನ್ನೂ ಪಾಂಡವಪುರಕ್ಕೆ ಸಾಗಿಸಿದ. ಅವನಿದ್ದ ಜಾಗದಲ್ಲಿ ಈಗ ಬಳೆ ಅಂಗಡಿ. ನಾನು ಎರಡು ಸಲ ನಿಯಮದ ಪ್ರಕಾರ ತೂಬು ಮುಚ್ಚಿದೆ, ನಿಯಮದ ಪ್ರಕಾರ ಬಿಡುಗಡೆ ಮಾಡಿದೆ. ಎರಡು ಬಿಡುಗಡೆಗೂ ಒಂದು ತಿದ್ದುಪಡಿಯೂ ಬರಲಿಲ್ಲ. ಕೆರೆ ಬರಿದಾಗಿತ್ತು, ನೀರಗಂಟಿ ಮಾತ್ರ ಠೀವಿಯಿಂದ ಏರಿಯ ಮೇಲೆ ನಿಂತಿದ್ದ.

ಒಂದೂವರೆ ವರ್ಷ ಕಳೆಯಿತು. ನಾಲ್ಕೂವರೆಗೆ ನನಗೆ ಈಗಲೂ ಬಾಯಿ ಒಣಗುತ್ತದೆ. ಮನೆಯಲ್ಲಿ ಟೀ ಇಲ್ಲವೆಂದಲ್ಲ, ಆಕೆ ಅವನ ಅಂಗಡಿಯ ಟೀಗಿಂತ ಒಳ್ಳೆಯದನ್ನೇ ಮಾಡುತ್ತಾಳೆ. ಹೋಲಿಸಿ ಹೇಳಿದರೆ ಅದೂ ಸಿಗುವುದಿಲ್ಲವೆಂದು ಸುಮ್ಮನಿದ್ದೇನೆ. ದಿನಾ ಕದ್ದು ಅವನ ಪ್ರತಿಯನ್ನು ನೋಡುತ್ತೇನೆ. ತಪ್ಪು ಕಂಡರೆ ಕೈ ಕಡಿಯುತ್ತದೆ. ಮಾರನೆಯ ದಿನ ಯಾರೋ ಅದನ್ನು ತಿದ್ದಿರುತ್ತಾರೆ. ಆಗ ಸಂತೋಷವೂ ಆಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ಹಾಗೆ ನೋಡುತ್ತಿದ್ದಾಗ ಒಮ್ಮೆ ಹೊಂಗೆಮರದ ಗೇಟು ಕಣ್ಣಿಗೆ ಬಿತ್ತು. ಬೇರೆಲ್ಲ ನಿಲ್ದಾಣಗಳಿಂದ ನಯಾಜ್ ಸಾಕ್ಷಿಯ ಸಾಲುಗಳನ್ನು ಅಳಿಸಿದ್ದ. ಇದೊಂದರಲ್ಲಿ ಹಾಗೇ ಇತ್ತು. 'ಮೊದಲ ಸಾಕ್ಷಿ: ಶಬಾನಾ. ಎರಡನೇ ಸಾಕ್ಷಿ:' ಅದರ ಮುಂದೆ ಖಾಲಿ. ಮರೆತು ಬಿಟ್ಟಿದ್ದನೋ, ಬೇಕೆಂದೇ ಬಿಟ್ಟಿದ್ದನೋ? ಬೇಕೆಂದೇ ಎಂದುಕೊಳ್ಳಲು ಆಸೆ. ಮರೆತಿದ್ದರೆ ಎಂದು ಭಯ. ಹೀಗೇ ಎರಡು ತಿಂಗಳು ನೂಕಿದೆ. ಎರಡು ತಿಂಗಳು ನೂಕುವುದು ನನಗೆ ಅಭ್ಯಾಸವಾಗಿತ್ತಲ್ಲ.

ಭಾನುವಾರ ಸನಿಕೆ ಹಿಡಿದು ನಿಂತಾಗ ನೆನಪಾದದ್ದು ಇದಕ್ಕೆ ಸಂಬಂಧಪಟ್ಟ ವಿಷಯವೇ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ತೂಬು ತೆಗೆಯುವ ದಿನ ಊರಿಗೆ ಊರೇ ಏರಿಯ ಮೇಲಿತ್ತು. ತಾತ ಮಾತ್ರ ತೂಬಿಗೆ ಬೆನ್ನು ಹಾಕಿ, ಒಣ ಕಾಲುವೆಗುಂಟ ಕೆಳಕ್ಕೆ ನಡೆದುಹೋದ. ನಾನು ಅವನ ಹಿಂದೆ. ಬಿಸಿಲು ಚುರುಗುಟ್ಟುತ್ತಿತ್ತು. ಕಾಲುವೆ ಮುಗಿಯುವ ತುದಿಯಲ್ಲಿ ಒಂದು ಸಣ್ಣ ಗದ್ದೆ, ಒಂಟಿ ಹೆಂಗಸೊಬ್ಬಳದು. ತಾತ ಬದುವಿನ ಮೇಲೆ ಕೂತು, ಮಣ್ಣು ಮುಟ್ಟಿ ನೋಡಿ, ಅಡ್ಡ ಬಿದ್ದಿದ್ದ ಕಲ್ಲು ಎತ್ತಿ ಹಾಕಿ ಎದ್ದ.

"ಏನ್ ತಾತ, ಅಷ್ಟು ದೂರದಿಂದ ಇದ್ನ ನೋಡಕ್ಕೆ ಬಂದ್ಯಾ? ಎಲ್ರೂ ಅಲ್ಲಿ ಕಾಯ್ತಾವ್ರೆ," ಅಂದೆ.

"ಮೊದ್ಲ ಗದ್ದೆಯೋರಿಗೆ ಕೂಗಾಡಕ್ಕೆ ಅತ್ತು ಜನ ಅವ್ರೆ ಕಣ್ಲಾ. ಈವಮ್ಮನ ಪರ್ವಾಗಿ ಯೋಳೋರು ಯಾರವ್ರೆ? ನಾನೇ ಬಂದು ನೋಡ್ಕಂಡು ಓಗ್ಬೇಕು."

ನಾನು ತಾತನಿಂದ ತೂಬು ಮುಚ್ಚುವುದನ್ನು ಕಲಿತೆ. ಆ ನಡಿಗೆಯನ್ನು ಬಿಟ್ಟುಬಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಸ್ಕೂಟರು ಹತ್ತಿ ಹೊರಟೆ. ಆರು ಗಂಟೆಗೆ ಹೊಂಗೆಮರದ ಗೇಟು. ಮರದ ಕೆಳಗೆ ಬಿಳಿ ಕೋಟನ್ನು ಮಡಚಿ ತೋಳ ಮೇಲೆ ಹಾಕಿಕೊಂಡು ಶಬಾನಾ ನಿಂತಿದ್ದಳು. ಅವಳು ಮತ್ತೆ ಪರೀಕ್ಷೆ ಬರೆದು ಪಾಸಾಗಿ ಶ್ರೀರಂಗಪಟ್ಟಣದ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದ ಸುದ್ದಿ ನನಗೆ ತಿಳಿದಿತ್ತು. ಆದರೆ ಇದೇ ಬಸ್ಸಿಗೆ ಬರುತ್ತಾಳೆಂಬುದು, ಪೆದ್ದ ನಾನು, ಹೊಳೆದೇ ಇರಲಿಲ್ಲ.

"ಏನ್ ಮೇಷ್ಟ್ರೇ, ಇಲ್ಲಿ?"

"ಬಸ್ಸು ಹತ್ತೋಣ ಅಂತಮ್ಮ."

ಅವಳು ನನ್ನನ್ನು ನೋಡಿದಳು, ಸ್ಕೂಟರನ್ನು ನೋಡಿದಳು. "ಸ್ಕೂಟ್ರಲ್ಲಿ ಬಂದು ಬಸ್ ಅತ್ತೋರ್ನ ಇವತ್ತೇ ನೋಡಿದ್ದು."

"ಸಾಕ್ಷಿ ಹಾಕೋಕೆ ಬಂದೆ."

ಅವಳ ಮುಖದಲ್ಲಿದ್ದ ನಗು ಹೋಯಿತು. ಒಂದು ಜಲ್ಲಿ ಲಾರಿ ಧೂಳೆಬ್ಬಿಸಿಕೊಂಡು ಹೋಯಿತು, ಇಬ್ಬರೂ ಮುಖ ತಿರುಗಿಸಿಕೊಂಡೆವು.

"ಅವತ್ತು ಒಂದಿನ ಬಂದಿದ್ರೆ ಸಾಕಾಗಿತ್ತು ಮೇಷ್ಟ್ರೇ," ಅಂದಳು.

"ತಪ್ಪಾಯ್ತು ಕಣಮ್ಮ. ಏನೂ ಕೆಲಸವಿರಲಿಲ್ಲ ನನಗೆ. ಸೋಮಾರಿತನ ಅಷ್ಟೇ. ಅದಕ್ಕೆ ಕಾನೂನು ಅಂತ ಹೆಸರಿಟ್ಟೆ."

ಒಂದೂವರೆ ವರ್ಷದಿಂದ ಆಡದೆ ಉಳಿದಿದ್ದ ಮಾತು ಹೊರಗೆ ಬಂತು. ಆಡಬೇಕಿದ್ದ ದಿನ ಆಡಿರಲಿಲ್ಲ ಎಂಬ ನೋವು ಮಾತ್ರ ಒಳಗೇ ಉಳಿಯಿತು.

"ನಂದು ಒಂದು ವರ್ಸ ಓಯ್ತು. ಅದು ವಾಪಸ್ ಬರಾಕಿಲ್ಲ," ಎಂದು ಅವಳು ನೇರವಾಗಿಯೇ ಹೇಳಿದಳು. ಆಮೇಲೆ ಕೋಟನ್ನು ಇನ್ನೊಂದು ತೋಳಿಗೆ ಹಾಕಿಕೊಂಡಳು. "ನಾನು ಪಾಸಾದೆ ಬುಡಿ. ಭಾಯ್‌ನೇ ನೋಡಕ್ಕಾಗಲ್ಲ. ನಾಕೂವರೆ ಆದ್ರೆ ಎರಡು ಟೀ ಅಂತ ಕೂಗ್ಬುಡ್ತಾನೆ. ಆಮ್ಯಾಕೆ, ಬ್ಯಾಡ ಬ್ಯಾಡ, ಒಂದೇ ಸಾಕು ಅಂತಾನೆ. ಟೀಯವ್ನು ನಗ್ತಾನೆ."

ನನಗೆ ನಗು ಬರಲಿಲ್ಲ. ಕಣ್ಣಿಗೆ ಧೂಳು ಬಿದ್ದಿದೆ ಎಂದು ಕರವಸ್ತ್ರ ತೆಗೆದೆ. ಸದ್ಯ, ಧೂಳು ನಿಜವಾಗಿಯೂ ಇತ್ತು.

ಆರು ಇಪ್ಪತ್ತಕ್ಕೆ ಬಸ್ಸು ಬಂತು, ಯಾರೂ ಕೈ ಅಡ್ಡ ಹಾಕದೆ ನಿಂತಿತು. ಹತ್ತಿದೆವು. ಪಾಂಡವಪುರದಲ್ಲಿ ನಾನು ಇಳಿದೆ. ನಯಾಜನ ಅಂಗಡಿ ಇನ್ನೂ ತೆರೆದಿರಲಿಲ್ಲ. ಷಟರಿನ ಮುಂದೆ ಕಾಲು ಗಂಟೆ ನಿಂತೆ. ಕಸ ಗುಡಿಸುತ್ತಿದ್ದಾಕೆ, "ಬರದು ಅತ್ತು ಗಂಟೆಗೆ," ಅಂದಳು. ಹತ್ತರವರೆಗೆ ಕಾಯುವ ಧೈರ್ಯ ಬರಲಿಲ್ಲ. ವಾಪಸು ಬಸ್ಸು ಹಿಡಿದು ಗೇಟಿಗೆ ಬಂದು ಸ್ಕೂಟರು ತೆಗೆದೆ.

ಮನೆಗೆ ಬಂದು ಅವನ ಪ್ರತಿಗೆ ನನ್ನ ಮೊದಲ ಮನವಿ ಕಳಿಸಿದೆ. 'ಹೊಂಗೆಮರದ ಗೇಟು, ಬೆಳಿಗ್ಗೆ ಆರು ಇಪ್ಪತ್ತು. ನಾನೇ ಹತ್ತಿದೆ. ಬಸ್ಸು ನಿಂತಿತು. ಎರಡನೇ ಸಾಕ್ಷಿಯಾಗಿ ನನ್ನ ಹೆಸರು ಸೇರಿಸಬೇಕೆಂದು ಕೋರಿಕೆ.' ಕೋರಿಕೆ ಎಂಬ ಪದವನ್ನು ಅಷ್ಟು ದಿನ ಎಲ್ಲರೂ ನನಗೆ ಬರೆಯುತ್ತಿದ್ದರು. ಮಂಗಳವಾರ ಉತ್ತರವಿಲ್ಲ. ಬುಧವಾರ ತರಗತಿಯಲ್ಲಿ ಲೆಕ್ಕ ತಪ್ಪಿದೆ, ಮಕ್ಕಳು ತಿದ್ದಿದರು. ಊಟದ ಹೊತ್ತಿಗೆ ಹತ್ತು ಸಲ ಫೋನು ನೋಡಿ ಬೈಸಿಕೊಂಡೆ. ಎಷ್ಟು ಜನರನ್ನು ನಾನು ಹೀಗೆ ಕಾಯಿಸಿದ್ದೆನೋ! ಅವನ ಪ್ರತಿಯಲ್ಲಿ ಎಂಥವರ ಮನವಿಯೂ ಅವತ್ತೇ ತೀರ್ಮಾನವಾಗುತ್ತದೆ, ನನ್ನದೊಂದು ಮಾತ್ರ ಹಾಗೇ ಇತ್ತು.

ಗುರುವಾರ ಉತ್ತರ ಬಂತು. ಒಂದೇ ಸಾಲು.

'ಮುಂದಿನ ಬಿಡುಗಡೆಗೆ ನೋಡೋಣ.'

ಅಲ್ಲ, ಅವನ ಪ್ರತಿಯಲ್ಲಿ ಬಿಡುಗಡೆ ಅನ್ನುವುದೇ ಇಲ್ಲವಲ್ಲ, ಎಲ್ಲಿಯ ಮುಂದಿನ ಬಿಡುಗಡೆ? ಇನ್ನು ಎಂದಿಗೂ ಇಲ್ಲ ಎಂದು ಹೇಳುತ್ತಿದ್ದಾನೋ, ಹಳೆಯ ಹಾಗೆ ಕಾಲೆಳೆಯುತ್ತಿದ್ದಾನೋ? ನಾಲ್ಕು ಸಲ ಓದಿದೆ. ಐದನೆಯ ಸಲ, ಮೊದಲೇ ನೋಡಬೇಕಿದ್ದದ್ದನ್ನು ನೋಡಿದೆ. ಆ ಸಾಲು ಬರೆದ ಕೂಡಲೇ ನಾನು ಮನವಿಯನ್ನು ಮುಚ್ಚಿಬಿಡುತ್ತಿದ್ದೆ. ಅವನು ಮುಚ್ಚಿರಲಿಲ್ಲ. ಶುಕ್ರವಾರವೂ ನೋಡಿದೆ, ಮುಚ್ಚಿಲ್ಲ.

ಇವತ್ತು ಶನಿವಾರ, ಕಾಲೇಜು ಅರ್ಧ ದಿನ. ಸನಿಕೆಯನ್ನು ಒರೆಸಿ ಬಾಗಿಲ ಸಂದಿಯಲ್ಲೇ ಇಟ್ಟಿದ್ದೇನೆ, ಆಕೆಯೂ ಮತ್ತೆ ಕೇಳಲಿಲ್ಲ. ನಾಲ್ಕೂವರೆಗೆ ಸರಿಯಾಗಿ ಪಾಂಡವಪುರದಲ್ಲಿರಬೇಕು, ಟೀಯವನು ಎಷ್ಟು ಲೋಟ ತರುತ್ತಾನೋ ನೋಡಬೇಕು. ಅಲ್ಲಿಗೆ ಯಾವ ಬಸ್ಸು ಎಂದು ನನ್ನ ಆ್ಯಪನ್ನು ತೆರೆದವನು, ಅದನ್ನು ಮುಚ್ಚಿ, ಅವನದರಲ್ಲಿ ನೋಡಿದೆ.